ತಂತಿಯಿಲ್ಲದ ಹಾದಿಯಲ್ಲಿ ಕನ್ನಡ

ನಮ್ಮ ಶಾಲೆ ಬಾಳಿದ ನೂರು ವರ್ಷಗಳು ನಿಸ್ತಂತು ಸಂವಹನವು ಜನಸಾಮಾನ್ಯರ ಮನೆಯನ್ನು ಹೊಕ್ಕ ವರ್ಷಗಳೂ ಹೌದು. ಕಾಸರಗೋಡು ಇನ್ನೂ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದಾಗ, 1935ರಲ್ಲಿ, ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ನೆಲದ ಮೇಲೆ ಎಳೆದ ಆ ಗೆರೆ ರೇಡಿಯೋ ತರಂಗಗಳನ್ನು ತಡೆಯಲಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಅದರ ಕನ್ನಡ, ತುಳು ಕಾರ್ಯಕ್ರಮಗಳು ತಲಪಾಡಿಯ ಗಡಿಯನ್ನು ದಾಟಿ ನಮ್ಮ ಮನೆಗಳನ್ನು ತಲುಪಿದವು.

ಇದರ ಹಿಂದಿನ ವಿಜ್ಞಾನ ಸರಳವಾದುದು. ಆ ನಿಲಯದ 1089 ಕಿಲೋಹರ್ಟ್ಸ್ ಮಧ್ಯಮ ತರಂಗದ ಒಂದು ಅಲೆಯ ಉದ್ದ ಸುಮಾರು 275 ಮೀಟರ್. ಅಂತಹ ನೀಳ ಅಲೆಗಳು ಭೂಮಿಯ ಮೈಯನ್ನು ಅನುಸರಿಸಿ ಬಹುದೂರ ಸಾಗುತ್ತವೆ. ಇಂದು ಶಾಲೆಗಳಲ್ಲಿ ಬಳಕೆಯಲ್ಲಿರುವ 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದವಾದರೋ ಸುಮಾರು 12.5 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಅಲ್ಪ ಶಕ್ತಿಯಿಂದ ಹೊರಡುವ ಅದು ಎರಡು ಮುರಕಲ್ಲಿನ ಗೋಡೆಗಳನ್ನು ದಾಟುವಷ್ಟರಲ್ಲೇ ಸೊರಗುತ್ತದೆ.

ಆದರೆ ರೇಡಿಯೋ ಕೇಳಿದವನು ಅದರಲ್ಲೇ ಮರುಮಾತಾಡಲಾರ. ಆ ಕೊರತೆಯನ್ನು ನೀಗಿಸಿದುದು ಗಣಕ ಜಾಲ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ಬೇರೆ ಬೇರೆ ದ್ವೀಪಗಳ ಗಣಕ ಬಳಕೆದಾರರನ್ನು ರೇಡಿಯೋ ಮೂಲಕ ಜೋಡಿಸಿದರು. ಸಂದೇಶವನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಕಳುಹಿಸುವುದು, ಎರಡು ಕಟ್ಟುಗಳು ಡಿಕ್ಕಿಯಾದರೆ ತುಸು ತಡೆದು ಮತ್ತೆ ಕಳುಹಿಸುವುದು ಅವರ ಕ್ರಮ. 1997ರಲ್ಲಿ ರೂಪುಗೊಂಡ ವೈಫೈ ಮಾನಕವೂ ಈ ವಿಚಾರದ ಸಂತತಿಯೇ.

ಈ ಕಟ್ಟುಗಳಿಗೆ ಭಾಷೆಯ ಭೇದವಿಲ್ಲ. 1991ರ ಯುನಿಕೋಡ್ ಮಾನಕದಲ್ಲಿ ಕನ್ನಡದ ಕಕಾರಕ್ಕೆ 3221, ಮಲಯಾಳದ ಕಕಾರಕ್ಕೆ 3349 ಎಂಬ ಸಂಖ್ಯೆಗಳು ನಿಗದಿಯಾದವು. ಜಾಲವು ಎರಡನ್ನೂ ಒಂದೇ ನಿಷ್ಠೆಯಿಂದ ಹೊರುತ್ತದೆ. ಹಾಗಿದ್ದೂ ಕನ್ನಡದ ಪಾಠವನ್ನು ಯಾರೂ ಬರೆಯದಿದ್ದರೆ ಅದು ಹೊರುವುದಾದರೂ ಏನನ್ನು?

ಈ ಪ್ರಶ್ನೆಯ ತೀವ್ರತೆ ನಮಗೆ ಮನವರಿಕೆಯಾದುದು ಕೋವಿಡ್ ಕಾಲದಲ್ಲಿ. ಕೇರಳದ ಶೈಕ್ಷಣಿಕ ವಾಹಿನಿ ವಿಕ್ಟರ್ಸ್ ಅನ್ನು 2005ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಉದ್ಘಾಟಿಸಿದ್ದರು. 2020ರ ಜೂನ್ 1ರಂದು ಅದರಲ್ಲಿ 'ಫಸ್ಟ್ ಬೆಲ್' ತರಗತಿಗಳು ಆರಂಭವಾದಾಗ ಶಾಲೆಗಳೆಲ್ಲ ಮುಚ್ಚಿದ್ದವು. ಮಲಯಾಳದ ಪಾಠವನ್ನು ಕನ್ನಡ ಮಾಧ್ಯಮದ ಎಳೆಯರು ಗ್ರಹಿಸುವುದು ಹೇಗೆ? ಕನ್ನಡ ಅಧ್ಯಾಪಕರು ತಾವೇ ಕ್ಯಾಮರಾದ ಮುಂದೆ ನಿಂತರು. ಕನ್ನಡದ ಪಾಠಗಳು ಅಂತರಜಾಲದ ಮೂಲಕ ಮಕ್ಕಳನ್ನು ತಲುಪಿದವು. ಗುಡ್ಡಗಳ ನಡುವಿನ ತಗ್ಗಿನ ಮನೆಗಳಲ್ಲಿ ಸಿಗ್ನಲ್ ಸಿಗದೆ ಮೊಬೈಲ್ ಹಿಡಿದು ಎತ್ತರದ ಜಾಗವನ್ನು ಅರಸಿದ ಮಕ್ಕಳೂ ಇದ್ದರು. ಪಾಠವಿದ್ದೂ ಹಾದಿಯಿಲ್ಲದ ಕಷ್ಟ ಅವರದು.

ಹಾದಿಯನ್ನು ನಿರ್ಮಿಸುವುದು ಸರಕಾರದ ಹೊಣೆ. ಅದರಲ್ಲಿ ಸಾಗಬೇಕಾದ ಕನ್ನಡವನ್ನು ಸಿದ್ಧಪಡಿಸುವುದು ನಮ್ಮದು. ಈ ನೂರು ವರ್ಷಗಳಲ್ಲಿ ನಾವು ಬಹುಪಾಲು ಕೇಳುಗರಾಗಿದ್ದೆವು. ಈಗ ನಮ್ಮ ಮಕ್ಕಳ ಕೈಯಲ್ಲಿ ಕೇಳುವ ಸಾಧನವೂ ಕಳುಹಿಸುವ ಸಾಧನವೂ ಒಂದೇ ಆಗಿದೆ. ಈ ಊರಿನ ಚರಿತ್ರೆ, ಗಣಿತ, ವಿಜ್ಞಾನಗಳನ್ನು ಅವರು ಕನ್ನಡದಲ್ಲಿ ಬರೆದು ಜಾಲಕ್ಕೆ ಸೇರಿಸುವಂತೆ ಅವರನ್ನು ಸಜ್ಜುಗೊಳಿಸುವುದೇ ಎರಡನೆಯ ಶತಮಾನದಲ್ಲಿ ನಮ್ಮ ಶಾಲೆಯ ಮುಂದಿರುವ ಕಾರ್ಯವೆಂದು ನಾವು ಭಾವಿಸುತ್ತೇವೆ.