ನಾಸಿಕಾಸಂಧಾನದ ವಿಧಾನವರಣ: ಖಡ್ಗದ ಗಾಯದಿಂದ ಅರ್ಬುದದ ಗಾಯದವರೆಗೆ

ನಷ್ಟವಾದ ಮೂಗನ್ನು ರೋಗಿಯ ಸ್ವಂತ ಚರ್ಮದಿಂದಲೇ ಮರಳಿ ನಿರ್ಮಿಸುವ ವಿದ್ಯೆ ಭಾರತದಲ್ಲಿ ಪ್ರಾಚೀನವಾದುದೆಂಬುದು ಸುವಿದಿತವಾದರೂ, ಅದು ಇಂಗ್ಲೆಂಡಿನ ವೈದ್ಯರ ಗಮನವನ್ನು ಸೆಳೆದುದು ಮೈಸೂರಿನ ಯುದ್ಧವೊಂದರ ಪರಿಣಾಮವಾಗಿ ಎಂಬ ಸಂಗತಿ ಕನ್ನಡಿಗರಿಗೆ ವಿಶೇಷವಾಗಿ ವಿಚಾರಾರ್ಹವಾಗಿದೆ.  ಕಿಷ್ಕಿಂಧೆಯೆಂದು ಜನರು ನಂಬಿಬಂದ ಹಂಪೆಯ ಪರಿಸರದಲ್ಲಿ, ಮೂಗು ಕೊಯ್ಯಿಸಿಕೊಂಡ ಶೂರ್ಪಣಖೆಯ ಕಥೆಯನ್ನರಿಯದವರಿಲ್ಲ. ಮೂಗು ಕೊಯ್ಯುವುದು ಪ್ರಾಣವನ್ನುಳಿಸಿ ಮಾನವನ್ನು ಹರಣಮಾಡುವ ದಂಡನೆಯಾಗಿದ್ದಿತು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ, ಮೂಗಿನ ಪ್ರಮಾಣಕ್ಕೆ ಸರಿಯಾದ ಎಲೆಯನ್ನು ಅಳತೆಗೆ ತೆಗೆದುಕೊಂಡು, ಕೆನ್ನೆಯಿಂದ ಅಷ್ಟೇ ಚರ್ಮವನ್ನು ಬುಡ ಬಿಡದಂತೆ ಬಿಡಿಸಿ ಜೋಡಿಸಿ, ಉಸಿರಾಟಕ್ಕೆಂದು ಎರಡು ನಾಳಗಳನ್ನಿಡುವ ಕ್ರಮವು ನಿರೂಪಿತವಾಗಿದೆ. ಕಾಲಾಂತರದಲ್ಲಿ ಹಣೆಯ ಚರ್ಮವನ್ನು ಬಳಸುವ ಪದ್ಧತಿಯು ಕುಶಲಕರ್ಮಿಗಳ ವಂಶಗಳಲ್ಲಿ ರೂಢಿಗೊಂಡಿತು.

1792ರ ಮೈಸೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜೀ ಎಂಬುವನು ಟಿಪ್ಪು ಸುಲ್ತಾನನ ಸೈನಿಕರ ಕೈಗೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ತರುವಾಯ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಮೇಣದ ತೆಳುಹಾಳೆಯಿಂದ ಮೂಗಿನ ಅಚ್ಚು ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗೆರೆಯೆಳೆದು, ಹುಬ್ಬುಗಳ ನಡುವೆ ತೊಟ್ಟೊಂದನ್ನು ಉಳಿಸಿ ಚರ್ಮವನ್ನು ಕೆಳಕ್ಕೆ ತಿರುಗಿಸಿ, ಕಾಚಿನ ಲೇಪದಿಂದ ಅಂಟಿಸಿದನು. ಸುಮಾರು 25ನೆಯ ದಿನ, ಚರ್ಮವು ನೆಲೆಯೂರಿದ ಬಳಿಕ, ಆ ತೊಟ್ಟನ್ನು ಕತ್ತರಿಸಿದನು. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಈ ವೃತ್ತಾಂತದಿಂದ ಪ್ರೇರಿತನಾದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಕ್ರಮವನ್ನು ಅಲ್ಲಿ ನೆರವೇರಿಸಿದನು. ಇದಕ್ಕೆ ಭಿನ್ನವಾಗಿ, ತೋಳಿನ ಚರ್ಮವನ್ನು ಬಳಸುವ, 1597ರಲ್ಲಿ ಇಟಲಿಯ ತಾಲ್ಯಾಕೋತ್ಸಿ ವಿವರಿಸಿದ್ದ ಕ್ರಮದಲ್ಲಿ, ರೋಗಿಯು ವಾರಗಟ್ಟಲೆ ತೋಳನ್ನು ಮುಖಕ್ಕೆ ಬಿಗಿದುಕೊಂಡಿರಬೇಕಾಗಿದ್ದಿತು.

ಈ ಸಕಲ ಇತಿಹಾಸವು ಬಹುಪಾಲು ಖಡ್ಗದ ಗಾಯಕ್ಕೆ ಸಂಬಂಧಿಸಿದ್ದು. ಅರ್ಬುದದ, ಎಂದರೆ ಕ್ಯಾನ್ಸರಿನ, ಗಾಯದ ಸ್ವಭಾವವೇ ಬೇರೆ. ಖಡ್ಗವು ಎಲ್ಲಿಯವರೆಗೆ ಕತ್ತರಿಸಿತೆಂಬುದು ಕಣ್ಣಿಗೆ ಕಾಣುವುದು, ಆದರೆ 1827ರಲ್ಲಿ ಡಬ್ಲಿನ್ನಿನ ಆರ್ಥರ್ ಜೇಕಬ್ ವರ್ಣಿಸಿದ, ಮುಖವನ್ನು ಮೆಲ್ಲಮೆಲ್ಲನೆ ತಿನ್ನುವ, ಇಂದು ಬೇಸಲ್ ಸೆಲ್ ಕಾರ್ಸಿನೋಮ ಎನಿಸಿಕೊಂಡ ವ್ರಣವು ಚರ್ಮದಡಿಯಲ್ಲಿ ಹಬ್ಬಿದ ಮೇರೆ ಬರಿಗಣ್ಣಿಗೆ ಗೋಚರಿಸದು. ಪದರ ಪದರವಾಗಿ ಕೊಯ್ದು ಪ್ರತಿಯೊಂದನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ, ಫ್ರೆಡರಿಕ್ ಮೋಸ್ 1941ರಲ್ಲಿ ಪ್ರಕಟಿಸಿದ ಕ್ರಮದ ಮಹತ್ವ ಇದರಿಂದ ವ್ಯಕ್ತವಾಗುವುದು: ಅಂಚು ನಿರ್ಮಲವೆಂದು ನಿಶ್ಚಯವಾಗುವ ಮುನ್ನ ಹಣೆಯ ಚರ್ಮವನ್ನು ಹೊದಿಸಿದರೆ, ಉಳಿದ ರೋಗವು ಸುಂದರವಾದ ಮೂಗಿನ ಅಡಿಯಲ್ಲಿಯೇ ಬೆಳೆಯುವುದು.

ಅಂಚು ನಿಶ್ಚಿತವಾದ ಮೇಲೆ ಸ್ಥಳ, ಆಳ, ವಿಸ್ತಾರಗಳೇ ವಿಧಾನವನ್ನು ನಿರ್ಣಯಿಸತಕ್ಕವು. ಕಣ್ಣಿನ ಒಳಮೂಲೆಯ ಬಳಿಯ ಸಣ್ಣ, ಆಳವಿಲ್ಲದ ಗಾಯವು ತಾನಾಗಿಯೇ ಮಾಯಬಹುದು. ಮೇಲ್ಪದರದ ಗಾಯಕ್ಕೆ ಕಿವಿಯ ಬಳಿಯ ಚರ್ಮದ ಕಸಿ ಸಾಕಾಗಬಹುದು. ಮೂಗಿನ ತುದಿಯ ಸುಮಾರು 1.5 ಸೆಂಟಿಮೀಟರಿನೊಳಗಿನ ಗಾಯಕ್ಕೆ ನೆರೆಯ ಚರ್ಮವನ್ನು ಬುಡ ಬಿಡದಂತೆ ಸರಿಸುವ ಫ್ಲ್ಯಾಪು, ಹೊಳ್ಳೆಗೆ ಕೆನ್ನೆಯ ಫ್ಲ್ಯಾಪು ಯುಕ್ತವಾಗುವುವು. ದೊಡ್ಡ ಗಾಯಕ್ಕೆ ಹಣೆಯೇ ಆಶ್ರಯ, ಎಲುಬು ಮೃದ್ವಸ್ಥಿಗಳು ಹೋಗಿದ್ದರೆ ಒಳಪೊರೆಯನ್ನೂ ಆಧಾರವನ್ನೂ ಕೂಡ ಕಟ್ಟಬೇಕು. ಶಸ್ತ್ರವೈದ್ಯರಾದ ಬರ್ಗೆಟ್ ಮತ್ತು ಮೆನಿಕ್ 1985ರಲ್ಲಿ ಮೂಗನ್ನು ಉಪವಿಭಾಗಗಳಾಗಿ ವಿಂಗಡಿಸಿ, ಒಂದು ವಿಭಾಗದ ಅರ್ಧಕ್ಕಿಂತ ಹೆಚ್ಚು ನಷ್ಟವಾದಲ್ಲಿ ಆ ವಿಭಾಗವನ್ನು ಸಮಗ್ರವಾಗಿ ಹೊಸದಾಗಿ ಹೊದಿಸಬೇಕೆಂದು ಪ್ರತಿಪಾದಿಸಿದರು. ಹಣೆಯ ಫ್ಲ್ಯಾಪಿನ ತೊಟ್ಟನ್ನು ಸಾಮಾನ್ಯವಾಗಿ ಮೂರು ವಾರಗಳಿಗೆ ಕತ್ತರಿಸುವ ಇಂದಿನ ರೂಢಿ, ಪುಣೆಯ ಕುಶಲಕರ್ಮಿಯ ಅನುಭವಕ್ಕೆ ಎಷ್ಟು ಸಮೀಪವಾದುದು!

ಭಾರತೀಯರ ಕಪ್ಪು ಚರ್ಮಕ್ಕೆ ಬೇಸಲ್ ಸೆಲ್ ಕಾರ್ಸಿನೋಮವು ಬಿಳಿಯರ ಚರ್ಮಕ್ಕೆ ತಗಲುವಷ್ಟು ಸಾಮಾನ್ಯವಾಗಿ ತಗಲದೆಂಬುದು ನಿಜ. ಆದರೂ ಬಿಸಿಲಿನಲ್ಲಿ ದುಡಿಯುವ, ಬಳ್ಳಾರಿ ಸೀಮೆಯ ಕಂಪ್ಲಿಯ ರೈತನಾಗಲಿ ಸಂಡೂರಿನ ಗಣಿಕಾರ್ಮಿಕನಾಗಲಿ ಮೂಗಿನ ಮೇಲಿನ ಮಾಯದ ಹುಣ್ಣನ್ನು ಕಡೆಗಣಿಸಲಾಗದು. 1961ರಲ್ಲಿ ಸ್ಥಾಪಿತವಾದ ಬಳ್ಳಾರಿಯ ವೈದ್ಯಕೀಯ ಕಾಲೇಜು, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವರ ನೆರವಿಗೆ ಇವೆ. ಹುಣ್ಣು ಸಣ್ಣದಿರುವಾಗಲೇ ಬಂದವನಿಗೆ ಸರಳವಾದ ವಿಧಾನವೇ ಸಾಕಾಗುವ ಸಂಭವ ಹೆಚ್ಚು. ಶ್ರೇಷ್ಠವಾದ ಒಂದೇ ವಿಧಾನವೆಂಬುದಿಲ್ಲ, ಮೊದಲು ರೋಗದ ನಿಶ್ಶೇಷ ನಿವಾರಣೆ, ಅನಂತರ ಗಾಯಕ್ಕೆ ಅನುಗುಣವಾದ ರಚನೆ. ಈ ಪೌರ್ವಾಪರ್ಯವೇ ಈ ಇತಿಹಾಸದಿಂದ ನಾವು ಗ್ರಹಿಸಬೇಕಾದ ತತ್ತ್ವ.