ಹೊಳೆಯ ಲೆಕ್ಕ ಯಾರ ಪುಸ್ತಕದಲ್ಲಿದೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ತೂಗುವಾಗ ರೈತ ಕಾಟಾದ ಪಕ್ಕದಲ್ಲೇ ನಿಂತಿರುತ್ತಾನೆ. ಕೊಳ್ಳುವವರು ಚೀಲವನ್ನು ಒಳಗೆ ಒಯ್ದು, ತಾವೇ ತೂಗಿ ಬಂದು "ಇಷ್ಟಾಯ್ತು" ಎಂದರೆ ಯಾರೂ ಒಪ್ಪುವುದಿಲ್ಲ. ಆದರೆ ಒಂದು ಕಾರ್ಖಾನೆ ಹೊಳೆಯಿಂದ ಎಷ್ಟು ನೀರು ಎತ್ತಿತು, ಎಂಥ ನೀರು ವಾಪಸ್ ಬಿಟ್ಟಿತು, ಸುತ್ತಲಿನ ಊರಿಗೆ ಏನು ಮಾಡಿತು ಎಂಬುದನ್ನು ಹೆಚ್ಚಾಗಿ ಕಂಪನಿಯೇ ಅಳೆದು, ಕಂಪನಿಯೇ ಬರೆದು ಪ್ರಕಟಿಸುತ್ತದೆ. ಇಂಥ ಲೆಕ್ಕ ಕೇಳುವ ಕೆಲಸ ನಮ್ಮ ಹಾವೇರಿ ಸೀಮೆಯಲ್ಲಿ ನಲವತ್ತು ವರ್ಷಗಳ ಹಿಂದೆಯೇ ಶುರುವಾಗಿತ್ತು. ಆ ಕಥೆ ಇಲ್ಲಿದೆ.

ತುಂಗಭದ್ರೆಯ ದಡದ ಕಾರ್ಖಾನೆ

ಹರಿಹರದಿಂದ ಸೇತುವೆ ದಾಟಿ ಈಚೆ ಬಂದರೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. 1970ರ ದಶಕದ ಆರಂಭದಲ್ಲಿ ಇಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕೆಲಸ ಶುರುಮಾಡಿತು. ಹೆಸರಿನಲ್ಲಿ ಹರಿಹರ ಇದ್ದರೂ ಕಾರ್ಖಾನೆ ಇರುವುದು ನಮ್ಮ ತಾಲ್ಲೂಕಿನಲ್ಲಿ. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಇದೆಲ್ಲ ಧಾರವಾಡ ಜಿಲ್ಲೆ. ಹಾವೇರಿ ಬೇರೆಯಾದದ್ದು 1997ರಲ್ಲಿ.

ಕಾರ್ಖಾನೆಯಲ್ಲಿ ಮರದ ಚೂರುಗಳನ್ನು ರಾಸಾಯನಿಕ ಹಾಕಿ ಬೇಯಿಸಿ ತಿರುಳು ಮಾಡುತ್ತಾರೆ. ಆ ತಿರುಳಿನಿಂದ ಬಟ್ಟೆಗೆ ಬೇಕಾದ ನೂಲಿನ ಎಳೆ ತಯಾರಾಗುತ್ತದೆ. ಈ ಕೆಲಸಕ್ಕೆ ಮರವೂ ಬೇಕು, ನೀರೂ ಬಹಳ ಬೇಕು. ಬಳಸಿದ ನೀರನ್ನು ಸರಿಯಾಗಿ ಶುದ್ಧ ಮಾಡದೆ ಬಿಟ್ಟರೆ ಅದು ಕಂದು ಬಣ್ಣಕ್ಕೆ ತಿರುಗಿ ಹೊಳೆಯ ಉಸಿರು ಕಟ್ಟಿಸುತ್ತದೆ.

1980ರ ದಶಕದಲ್ಲಿ ಕಾರ್ಖಾನೆಯ ಕೆಳಗಿನ ಹೊಳೆಯಲ್ಲಿ ಮೀನು ಸತ್ತು ತೇಲಿದವು. ನೀರು ನಾರುತ್ತಿದೆ, ದನ ಕುಡಿಯುತ್ತಿಲ್ಲ, ಬಲೆಗೆ ಮೀನಿಲ್ಲ ಎಂದು ದಡದ ಹಳ್ಳಿಗಳವರು ದೂರಿದರು. ಇದು ಯಾವ ಕಚೇರಿಯೂ ಹೇಳಿಕೊಟ್ಟ ಅಳತೆಯಲ್ಲ. ಜನ ಕಣ್ಣು, ಮೂಗು, ಬಲೆಗಳಿಂದಲೇ ಲೆಕ್ಕ ಹಿಡಿದರು. ಹೋರಾಟಕ್ಕೆ ತುಂಗಭದ್ರಾ ಪರಿಸರ ಸಮಿತಿ ಹುಟ್ಟಿತು. ಎಸ್.ಆರ್. ಹಿರೇಮಠರು ಜೊತೆಗೆ ನಿಂತರು. ಅಮೆರಿಕದಿಂದ ಮರಳಿ 1979ರಿಂದ ಇದೇ ತಾಲ್ಲೂಕಿನ ಮೆಡ್ಲೇರಿಯಲ್ಲಿ ಕೆಲಸ ಮಾಡುತ್ತಿದ್ದವರು ಅವರು. 1984ರಲ್ಲಿ ಸಮಾಜ ಪರಿವರ್ತನ ಸಮುದಾಯ ಕಟ್ಟಿದರು.

ಕಾನೂನು ಆಗಲೇ ಇತ್ತು. 1974ರ ಜಲ ಕಾಯ್ದೆಯಂತೆ ಅದೇ ವರ್ಷ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಬಂದಿತ್ತು. ಮಂಡಳಿ ಬಳಸುವ ಒಂದು ಮುಖ್ಯ ಅಳತೆಗೆ ಬಿಒಡಿ ಎನ್ನುತ್ತಾರೆ. ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. ಕೊಳೆ ಹೆಚ್ಚಾದಷ್ಟೂ ಆ ಜೀವಿಗಳೇ ಆಮ್ಲಜನಕ ಖಾಲಿ ಮಾಡುತ್ತವೆ, ಮೀನಿಗೆ ಉಳಿಯುವುದಿಲ್ಲ. ಹೊಳೆಗೆ ಬಿಡುವ ನೀರಿನಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಬಲೆ ಹಾಕುವವರು ಕಂಡದ್ದನ್ನೇ ಪ್ರಯೋಗಾಲಯ ಈ ಅಂಕಿಯಲ್ಲಿ ಹೇಳುತ್ತದೆ.

ಕುಸನೂರಿನಲ್ಲಿ ಕಿತ್ತ ನೀಲಗಿರಿ

ನೀರಿನ ಜಗಳದ ಬೆನ್ನಿಗೇ ನೆಲದ ಜಗಳ ಬಂತು. ಕಾರ್ಖಾನೆಗೆ ಮರ ಒದಗಿಸಲು 1984ರಲ್ಲಿ ಸರ್ಕಾರದ ಅರಣ್ಯ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿದವು. ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಜಮೀನಿನಲ್ಲಿ ನೀಲಗಿರಿ ಬೆಳೆಸುವ ಯೋಜನೆ.

ಸರ್ಕಾರದ ಪುಸ್ತಕದಲ್ಲಿ ಅದು ಬೀಳು ನೆಲ. ಹಳ್ಳಿಯವರಿಗೆ ಅದು ದನ ಕುರಿ ಮೇಯುವ ಜಾಗ, ಒಲೆಗೆ ಪುಳ್ಳೆ, ಗೊಬ್ಬರಕ್ಕೆ ಸೊಪ್ಪು. ಕಂಪನಿಯ ಲೆಕ್ಕದಲ್ಲಿ ನೆಟ್ಟ ಸಸಿಗಳ ಸಂಖ್ಯೆ ಇರುತ್ತದೆ. ಮೇವು ಕಳೆದುಕೊಂಡ ಮನೆಯ ಸಂಖ್ಯೆಗೆ ಅಲ್ಲಿ ಕಲಂ ಇರಲಿಲ್ಲ.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗವಾಗುವ ಸಸಿ ನೆಟ್ಟರು. ಅದೇ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ. ಶಿವರಾಮ ಕಾರಂತರೂ ಸೇರಿದಂತೆ ಹಲವರು ಸುಪ್ರೀಂ ಕೋರ್ಟಿಗೆ ಹೋದರು. ಜಮೀನು ಹಸ್ತಾಂತರಕ್ಕೆ ತಡೆ ಬಿತ್ತು. 1991ರಲ್ಲಿ ಆ ಜಂಟಿ ಕಂಪನಿಯೇ ಮುಚ್ಚಿತು.

ವರದಿಗಳು ಬಂದ ದಾರಿ

ಹೊರಗಿನ ಜಗತ್ತಿನಲ್ಲೂ ಕಂಪನಿಗಳು ಲೆಕ್ಕ ಕೊಡಲು ಶುರುಮಾಡಿದ್ದು ಹೆಚ್ಚಾಗಿ ಪೆಟ್ಟು ಬಿದ್ದ ಮೇಲೆಯೇ. 1984ರ ಡಿಸೆಂಬರಿನಲ್ಲಿ ಭೋಪಾಲ್ ಅನಿಲ ದುರಂತವಾಯಿತು. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಅಲಾಸ್ಕದ ಕಡಲಿಗೆ ಚೆಲ್ಲಿತು. ಕಂಪನಿಗಳು ಹಣದ ಲೆಕ್ಕದಂತೆ ಪರಿಸರದ ಲೆಕ್ಕವನ್ನೂ ಕೊಡಬೇಕು ಎಂಬ ಒತ್ತಡ ಬೆಳೆದು, ವರದಿಗೊಂದು ನಮೂನೆ ಮಾಡಲು 1997ರಲ್ಲಿ ಬಾಸ್ಟನ್ನಿನಲ್ಲಿ ಜಿಆರ್‌ಐ ಎಂಬ ಸಂಸ್ಥೆ ಹುಟ್ಟಿತು.

ನಮ್ಮ ದೇಶದಲ್ಲಿ 1992ರಲ್ಲಿ ಒಂದು ನಿಯಮ ಬಂತು. ಮಂಡಳಿಯ ಒಪ್ಪಿಗೆ ಬೇಕಾದ ಕಾರ್ಖಾನೆಗಳು ಪ್ರತಿವರ್ಷ ನೀರು, ಕಚ್ಚಾ ವಸ್ತು, ಹೊರಬಿಟ್ಟ ಮಾಲಿನ್ಯದ ಲೆಕ್ಕವನ್ನು ನಮೂನೆ 5ರಲ್ಲಿ ಮಂಡಳಿಗೆ ಕೊಡಬೇಕು. 2012ರಲ್ಲಿ ಷೇರುಪೇಟೆಯ ಮೇಲ್ವಿಚಾರಕ ಸೆಬಿ, ಮೊದಲ 100 ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ವರದಿ ಕೊಡಬೇಕೆಂದಿತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದಿತು. ಸಿಎಸ್‌ಆರ್ ಎಂದರೆ ಇದೇ. 2022-23ರಿಂದ ಮೊದಲ 1000 ಕಂಪನಿಗಳಿಗೆ ಬಿಆರ್‌ಎಸ್‌ಆರ್ ಎಂಬ ವಿವರವಾದ ವರದಿ ಕಡ್ಡಾಯ. ನೀರು, ವಿದ್ಯುತ್, ಹೊಗೆ, ಕಸ, ಕೂಲಿ, ಊರವರ ದೂರು ಎಲ್ಲಕ್ಕೂ ಅದರಲ್ಲಿ ಕಲಂಗಳಿವೆ. ಮುಖ್ಯ ಅಂಕಿಗಳನ್ನು ಹೊರಗಿನವರಿಂದ ಪರಿಶೀಲಿಸಬೇಕೆಂದು 2023ರಲ್ಲಿ ಸೆಬಿ ಹೇಳಿತು. ಅದೂ ಮೊದಲು 150 ದೊಡ್ಡ ಕಂಪನಿಗಳಿಗೆ.

ಕುಮಾರಪಟ್ಟಣದ ಕಾರ್ಖಾನೆ ಇಂದು ಗ್ರಾಸಿಮ್ ಇಂಡಸ್ಟ್ರೀಸಿನದು. ಗ್ರಾಸಿಮ್ ಕೂಡ ಪ್ರತಿವರ್ಷ ಇಂಥ ವರದಿ ಹಾಕುತ್ತದೆ.

ವರದಿಯಲ್ಲಿ ಸಿಗುವುದು, ಸಿಗದ್ದು

ಇದು ಸಣ್ಣ ಗೆಲುವೇನಲ್ಲ. ಕುಸನೂರಿನ ಕಾಲದಲ್ಲಿ ಗೇಟಿನ ಮುಂದೆ ಕೂಗಿ ಕೇಳಬೇಕಿದ್ದ ಪ್ರಶ್ನೆಗಳು ಇಂದು ಸರ್ಕಾರಿ ನಮೂನೆಯಲ್ಲೇ ಅಚ್ಚಾಗಿವೆ.

ಆದರೆ ಬಿಆರ್‌ಎಸ್‌ಆರ್ ಮುಖ್ಯವಾಗಿ ಹಣ ಹೂಡುವವರಿಗಾಗಿ ಬರೆದ ವರದಿ. ದೇಶದ ಬೇರೆಬೇರೆ ಕಡೆಯ ಕಾರ್ಖಾನೆಗಳ ನೀರೆಲ್ಲ ಸೇರಿ ಅಲ್ಲಿ ಒಂದು ಮೊತ್ತವಾಗುತ್ತದೆ. ಇಡೀ ಕಂಪನಿ ಶೇಕಡಾ ಇಷ್ಟು ನೀರು ಉಳಿಸಿತು ಎಂದರೆ ಮುಂಬೈನ ಹೂಡಿಕೆದಾರನಿಗೆ ಸಾಕು. ಏಪ್ರಿಲ್‌ನಲ್ಲಿ ಹೊಳೆ ಬತ್ತಿ ಮಡುಗಳಷ್ಟೇ ಉಳಿದಾಗ ನಮ್ಮ ದಡದಲ್ಲಿ ಏನಾಯಿತು ಎಂಬುದು ಆ ಮೊತ್ತದೊಳಗೆ ಮುಳುಗಿಹೋಗುತ್ತದೆ. ಒಂದೇ ಪ್ರಮಾಣದ ಕೊಳೆ ಮಳೆಗಾಲದ ತುಂಬು ಹೊಳೆಗೆ ಬೇರೆ, ಬೇಸಿಗೆಯ ಮಡುವಿಗೆ ಬೇರೆ.

ಸಿಎಸ್‌ಆರ್ ಲೆಕ್ಕವೂ ಬೇರೆಯೇ. ಶಾಲೆಗೆ ಕೊಠಡಿ, ಊರಿಗೆ ನೀರಿನ ಘಟಕ ಕೊಟ್ಟರೆ ಸಂತೋಷ. ಅದು ಖರ್ಚಿನ ಲೆಕ್ಕ. ಕಾರ್ಖಾನೆ ಹೊಳೆಗೆ ಏನು ಬಿಟ್ಟಿತು ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ನಾವು ಕೇಳಬಹುದಾದ ಕಾಗದಗಳು

ಯಾವುದೇ ಕಾರ್ಖಾನೆಯ ಪಕ್ಕದ ಊರಿನವರಾದರೂ ಕೇಳಬಹುದು.

ಒಂದು, ನಮೂನೆ 5. ಮಾರ್ಚ್‌ಗೆ ಮುಗಿದ ವರ್ಷದ್ದನ್ನು ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಕೊಡಬೇಕು. ಇದು ಆಯಾ ಕಾರ್ಖಾನೆಯದೇ ಲೆಕ್ಕ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ.

ಎರಡು, ಪರಿಸರ ಅನುಮತಿ ಪಡೆದ ಯೋಜನೆಗಳು ಷರತ್ತು ಪಾಲಿಸಿದ ಬಗ್ಗೆ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡುವ ಅರ್ಧ ವರ್ಷದ ವರದಿ.

ಮೂರು, ಸಿಎಸ್‌ಆರ್ ಹಣ ಯಾವ ಜಿಲ್ಲೆಗೆ ಎಷ್ಟು ಬಂತು ಎಂಬುದು ಕೇಂದ್ರ ಸರ್ಕಾರದ ಸಿಎಸ್‌ಆರ್ ಜಾಲತಾಣದಲ್ಲಿದೆ. ಮೊಬೈಲಿನಲ್ಲೇ ನೋಡಬಹುದು.

ಈ ಕಾಗದಗಳನ್ನು ತಂದು ಗ್ರಾಮಸಭೆಯಲ್ಲಿ ಓದಿಸಿ. ಪಕ್ಕದಲ್ಲೇ ನಮ್ಮದೂ ಒಂದು ನೋಟ್‌ಬುಕ್ ಇರಲಿ. ಯಾವ ದಿನ ನೀರು ಬಣ್ಣ ತಿರುಗಿತು, ಯಾವ ದಿನ ಮೀನು ಸತ್ತಿತು, ಫೋಟೊ ಸಮೇತ, ದಿನಾಂಕ ಸಮೇತ ಬರೆದಿಡಿ. ಎರಡೂ ಪುಸ್ತಕ ತಾಳೆಯಾದರೆ ಒಳ್ಳೆಯದು. ಆಗದಿದ್ದರೆ ಮಂಡಳಿಯ ಅಧಿಕಾರಿ ಬಂದು ಊರವರ ಎದುರಿಗೇ ನೀರಿನ ಮಾದರಿ ತೆಗೆಯಲಿ ಎಂದು ಕೇಳಲು ನಮ್ಮ ಕೈಯಲ್ಲೂ ಕಾಗದ ಇರುತ್ತದೆ.