ತೋಳಮನುಷ್ಯನ ಮೇಲಿನ ಕೇಸುಗಳು

ಝಿಲ್ ಗಾರ್ನಿಯೇ ಎಂಬ ಕಾಡುವಾಸಿ ಬಡಪಾಯಿಯ ಮೇಲಿನ ತೀರ್ಪಿನಲ್ಲಿ ಒಂದು ಮಾತು ಬರುತ್ತದೆ. ಕೊಂದ ಹುಡುಗನ ಮಾಂಸವನ್ನು ಇವನು ತಿಂದೇ ಬಿಡುತ್ತಿದ್ದ, ಅದೂ ಶುಕ್ರವಾರ ಅನ್ನುವುದನ್ನೂ ನೋಡದೆ! ಆ ಕಾಲದ ಕ್ಯಾಥೊಲಿಕರಿಗೆ ಶುಕ್ರವಾರ ಮಾಂಸ ವರ್ಜ್ಯವಾಗಿತ್ತು. ಕೊಲೆ ಆರೋಪದ ಬಾಲಕ್ಕೆ ವ್ರತಭಂಗವನ್ನೂ ಕಟ್ಟಿದ್ದಾರಲ್ಲ ಎಂದು ನಗು ಬಂತು. ಆಯುಷ್ಯವೆಲ್ಲ ಸೆಷನ್ಸ್ ಕೋರ್ಟಿನಲ್ಲಿ ಆರೋಪಿಗಳ ಪರ ನಿಂತವನು ನಾನು. ದೆವ್ವದ ಕಥೆ ಓದುವಾಗಲೂ ಕಣ್ಣು ಹೋಗುವುದು ಸಾಕ್ಷಿ ಯಾರು, ತಪ್ಪೊಪ್ಪಿಗೆ ಯಾರ ಮುಂದೆ ಎಂಬುದರ ಕಡೆಗೇ.

ಫ್ರೆಂಚರ ಲೂಗಾರೂ, ಅಂದರೆ ತೋಳವಾಗಿ ಬದಲಾಗುವ ಮನುಷ್ಯ, ಅಜ್ಜಿಕಥೆಯಲ್ಲಷ್ಟೇ ಇದ್ದವನಲ್ಲ. ಕಟಕಟೆ ಹತ್ತಿದವನು. ಗಾರ್ನಿಯೇ ಇದ್ದದ್ದು ದೋಲ್ ಊರಿನ ಹತ್ತಿರ. ಆ ಸೀಮೆಯ ಜನ ಆಡುತ್ತಿದ್ದದ್ದು ಫ್ರೆಂಚ್, ಆಳುತ್ತಿದ್ದವನು ಮಾತ್ರ ಸ್ಪೇನಿನ ದೊರೆ. ಮಕ್ಕಳು ಸಾಯತೊಡಗಿದಾಗ ದೋಲ್‌ನ ಉಚ್ಚ ನ್ಯಾಯಾಲಯ 1573ರಲ್ಲಿ, ಭರ್ಜಿ ದೊಣ್ಣೆ ಹಿಡಿದು ಲೂಗಾರೂನನ್ನು ಬೇಟೆಯಾಡಿ ಎಂದು ಹಳ್ಳಿಗರಿಗೆ ಅಪ್ಪಣೆಯನ್ನೇ ಕೊಟ್ಟಿತು. ಕೋರ್ಟೇ ತೋಳಮನುಷ್ಯ ಇದ್ದಾನೆ ಎಂದ ಮೇಲೆ ಸಿಗದೆ ಇರುತ್ತಾನೆಯೇ? ಹೊಟ್ಟೆಗಿಲ್ಲದೆ ಅಲೆಯುತ್ತಿದ್ದಾಗ ಕಾಡಿನಲ್ಲಿ ಯಾರೋ ಮುಲಾಮು ಕೊಟ್ಟರು, ಹಚ್ಚಿಕೊಂಡು ತೋಳವಾದೆ ಎಂದು ಗಾರ್ನಿಯೇ ಒಪ್ಪಿಕೊಂಡ. ಕೊನೆಯ ಕೊಲೆಯ ಹೊತ್ತಿಗೆ ಅವನು ಮನುಷ್ಯರೂಪದಲ್ಲೇ ಇದ್ದನೆಂದು ಅದೇ ತೀರ್ಪು ಹೇಳುತ್ತದೆ. ನಾನಾಗಿದ್ದರೆ ಆ ಒಂದು ಸಾಲನ್ನು ಹಿಡಿದು ಇಡೀ ದಿನ ಪಾಟಿ ಸವಾಲು ಮಾಡುತ್ತಿದ್ದೆ. 1574ರ ಜನವರಿ 18ರಂದು ಅವನನ್ನು ಜೀವಂತ ಸುಟ್ಟರು.

1598ರಲ್ಲಿ ಆಂಜೆ ಪಟ್ಟಣದ ಕೋರ್ಟು ಝಾಕ್ ರೂಲೆ ಎಂಬ ಭಿಕ್ಷುಕನಿಗೆ ಮರಣದಂಡನೆ ವಿಧಿಸಿತು. ಹುಡುಗನೊಬ್ಬನ ಹರಿದ ಹೆಣ ಸಿಕ್ಕ ಜಾಗದ ಹತ್ತಿರ, ಅರೆಬೆತ್ತಲೆಯಾಗಿ, ಕೈಗೆಲ್ಲ ರಕ್ತ ಮೆತ್ತಿಕೊಂಡು ಸಿಕ್ಕಿಬಿದ್ದವನು ಅವನು. ಕೇಸು ಮೇಲ್ಮನವಿಯಾಗಿ ಪ್ಯಾರಿಸ್ಸಿಗೆ ಹೋಯಿತು. ಅಲ್ಲಿನ ನ್ಯಾಯಾಧೀಶರಿಗೆ ಕಂಡದ್ದು ಸೈತಾನನಲ್ಲ, ತಲೆಕೆಟ್ಟ ಮನುಷ್ಯ. ಎರಡು ವರ್ಷ ಆಸ್ಪತ್ರೆಯಲ್ಲಿಟ್ಟು ಧರ್ಮಬೋಧೆ ಮಾಡಿ ಎಂದರು.

ನನಗೆ ಬಹಳ ಹಿಡಿಸಿದ್ದು 1603ರ ಝಾನ್ ಗ್ರೆನಿಯೇ ಪ್ರಕರಣ. ಬೋರ್ದೋ ಕಡೆಯ ಹಳ್ಳಿಗಾಡಿನಲ್ಲಿ ದನ ಕಾಯುತ್ತಿದ್ದ ಹದಿಮೂರು ಹದಿನಾಲ್ಕರ ಪೋರ. ಮಾರ್ಗರೀತ್ ಎಂಬ ಹುಡುಗಿಯ ಮೇಲೆ ಕೆಂಚು ಬಣ್ಣದ, ಗಿಡ್ಡ ಬಾಲದ ಪ್ರಾಣಿಯೊಂದು ಎರಗಿತ್ತು. ಅವಳು ಕೋಲಿನಿಂದ ಬಡಿದು ಓಡಿಸಿದ್ದಳು. ಅದು ನಾನೇ ಎಂದ ಈ ಹುಡುಗ! ಕಾಡಿನ ಒಡೆಯನೆಂಬ ಕಪ್ಪು ಮನುಷ್ಯ ತೋಳದ ಚರ್ಮ, ಮುಲಾಮು ಕೊಟ್ಟಿದ್ದಾನೆ, ಎಡಗೈ ಹೆಬ್ಬೆರಳಿನ ಉಗುರು ಕತ್ತರಿಸಬಾರದೆಂದಿದ್ದಾನೆ ಎಂದೆಲ್ಲ ಹೇಳಿದ. ಅಪ್ಪನ ಹೆಸರನ್ನೂ ಎಳೆದ. ಇಂಥ ಕಕ್ಷಿದಾರರನ್ನು ನಾನೂ ಕಂಡಿದ್ದೇನೆ: ಯಾರೂ ಮಾತಾಡಿಸದ ಹುಡುಗನ ಮಾತನ್ನು ಅಂದು ಠಾಣೆಯೇ ಬಾಯಿ ಬಿಟ್ಟುಕೊಂಡು ಕೇಳುತ್ತದೆ, ಅವನು ಹೇಳುತ್ತಲೇ ಹೋಗುತ್ತಾನೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು ನಮ್ಮ 1872ರ ಸಾಕ್ಷ್ಯ ಅಧಿನಿಯಮ ಬರೆದಿಟ್ಟಿತು. ಗ್ರೆನಿಯೇಗೆ ಅಂಥ ಕಲಮಿನ ಆಸರೆ ಇರಲಿಲ್ಲ.

ಆದರೂ ಬೋರ್ದೋ ನ್ಯಾಯಾಲಯ ಅವನನ್ನು ಸುಡಲಿಲ್ಲ. ವೈದ್ಯರಿಂದ ಪರೀಕ್ಷೆ ಮಾಡಿಸಿತು, ವಯಸ್ಸು ನೋಡಿತು, ಬುದ್ಧಿ ಬಲಿತಿಲ್ಲದ್ದನ್ನು ಗಮನಿಸಿತು. ತೋಳವಾಗುವುದು ಇವನ ತಲೆಯೊಳಗಿನ ಭ್ರಮೆ ಎಂದು ತೀರ್ಮಾನಿಸಿ, ಸೆಪ್ಟೆಂಬರ್ 6ರಂದು, ಸಾಯುವವರೆಗೆ ಮಠದಲ್ಲಿರಲಿ, ಓಡಿಹೋದರೆ ಗಲ್ಲು ಎಂದಿತು. ಬಿಡುಗಡೆ ಅಲ್ಲ, ನಿಜ. ಆದರೆ ಗಾರ್ನಿಯೇ ಬೂದಿಯಾಗಿ ಮೂವತ್ತು ವರ್ಷವೂ ಆಗಿರಲಿಲ್ಲ.

ಏಳು ವರ್ಷದ ಮೇಲೆ ಪಿಯೇರ್ ದ ಲಾಂಕ್ರ್ ಆ ಮಠಕ್ಕೆ ಹೋಗಿ ಅವನನ್ನು ನೋಡಿದ. ಕರ್ರಗಿನ ಉದ್ದ ಉಗುರು, ನಾಲ್ಕು ಕಾಲಲ್ಲಿ ಓಡುವ ಚಾಳಿ, ತೋಳಗಳನ್ನು ಕಂಡರೆ ಹಿಗ್ಗು ಎಂದೆಲ್ಲ 1612ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಈತ ಬರೀ ಕುತೂಹಲಿಯಲ್ಲ. ಅದೇ ಬೋರ್ದೋ ಕೋರ್ಟಿನ ನ್ಯಾಯಾಧೀಶ. ಹಿಂದಿನ ವರ್ಷವಷ್ಟೇ ಬಾಸ್ಕ್ ಸೀಮೆಗೆ ಹೋಗಿ ಮಾಟಗಾತಿಯರೆಂದು ಹಲವರನ್ನು ಸುಡಿಸಿ ಬಂದವನು. ಒಂದೇ ಕೋರ್ಟಿನೊಳಗೆ ಎರಡು ಶತಮಾನ ಅಕ್ಕಪಕ್ಕ ಕೂತಿದ್ದವು.

1682ರಲ್ಲಿ 14ನೇ ಲೂಯಿಯ ಶಾಸನ ಮಾಟದ ಕೇಸುಗಳ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತು. ಲೂಗಾರೂ ಮಾತ್ರ ವಲಸೆಗಾರರ ಜೊತೆ ಹಡಗು ಹತ್ತಿದ್ದ. ಕ್ವಿಬೆಕ್‌ನಲ್ಲಿ ಏಳು ವರ್ಷ ಈಸ್ಟರ್ ಪ್ರಸಾದ ತಪ್ಪಿಸಿದವನು ಲೂಗಾರೂ ಆಗುತ್ತಾನೆಂದರು, ಲೂಸಿಯಾನಾದಲ್ಲಿ ಅವನೇ ರೂಗಾರೂ ಆದ. ಅಲ್ಲಿನ ಹೂಮಾ ಪಟ್ಟಣದಲ್ಲಿ ಈಗ ಅವನ ಹೆಸರಲ್ಲಿ ಜಾತ್ರೆಯೇ ನಡೆಯುತ್ತದೆ.

ಇತ್ತ ಫ್ರಾನ್ಸಿನ ಝೆವೊದಾನ್ ಸೀಮೆಯಲ್ಲಿ 1764ರಿಂದ 1767ರವರೆಗೆ ಒಂದು ಮೃಗ ಹೆಂಗಸರು ಮಕ್ಕಳನ್ನು ಕೊಂದಾಗ ಹಳ್ಳಿಗರು ಲೂಗಾರೂ ಎಂದರೂ ಸರ್ಕಾರ ಕಳಿಸಿದ್ದು ಕುದುರೆ ಸೈನಿಕರನ್ನು, ಬೇಟೆಗಾರರನ್ನು. 1767ರ ಜೂನ್ 19ರಂದು ಅದನ್ನು ಹೊಡೆದುರುಳಿಸಿದವನು ಝಾನ್ ಶಾಸ್ತೆಲ್ ಎಂಬ ಸ್ಥಳೀಯ. ಕೊಲೆಗಾಗಿ ಒಬ್ಬ ಮನುಷ್ಯನ ಮೇಲೂ ಕೇಸಾಗಲಿಲ್ಲ. ಆ ಕೊರತೆ ತುಂಬಿದವರು 20ನೇ ಶತಮಾನದ ಕಾದಂಬರಿಕಾರರು: ಶಾಸ್ತೆಲ್‌ನ ಕೈಗೆ ಬೆಳ್ಳಿ ಗುಂಡು ಕೊಟ್ಟರು, ಅವನ ಮಗ ಆಂತ್ವಾನ್‌ನನ್ನು ಮೃಗ ಸಾಕಿದ ಕೊಲೆಗಡುಕನನ್ನಾಗಿ ಮಾಡಿದರು. ಅದೇ ಮೃಗದ ಮೇಲಿನ 2001ರ ಸಿನಿಮಾವೂ ಆ ಸಂಸಾರವನ್ನು ಬಿಡಲಿಲ್ಲ. ಆಂತ್ವಾನ್‌ನ ಮೇಲೆ ಕೊಲೆಯ ಸಾಕ್ಷ್ಯವೇ ಇಲ್ಲ, ಮೇಲ್ಮನವಿ ಹಾಕೋಣವೆಂದರೆ ಕಾದಂಬರಿಯ ತೀರ್ಪಿಗೆ ಮೇಲಿನ ಕೋರ್ಟೂ ಇಲ್ಲ.